ನಿಂತದ್ದೋ, ನಿಲ್ಲಿಸಿದ್ದೋ

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಆಸ್ಪತ್ರೆಯ ರಾತ್ರಿ ಪಾಳಿ ಮುಗಿಯಿತೇ? ಕಾಲು ನೋವೆಂದರೆ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರು. ರೋಗಿಗಳಿಗೆ ಹೇಳುವ ಬುದ್ಧಿಯನ್ನು ನರ್ಸಮ್ಮನೂ ಸ್ವಲ್ಪ ಕೇಳಬೇಕು. ನಾವು ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗ ನಾನು ಬಾಯಿ ತೆರೆದರೆ ಸಾಕು, ನಿಮ್ಮಪ್ಪ ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಅವರು ಬಸ್ಸಿನ ಡ್ಯೂಟಿಗೆ ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿನ್ನ ಹುಡುಗನ ತಾಯಿ ಫೋನು ಮಾಡಿದ್ದರಲ್ಲ. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ನಡುವೆ ಸಿಕ್ಕಿ ನರಳಿದ್ದು ಬಡಪಾಯಿ ಇಂಗ್ಲಿಷ್. ಕುಶಲ ಕೇಳಿದ ಮೇಲೆ ಅವರು ನಿಮ್ಮಪ್ಪನನ್ನು ಮೆಲ್ಲಗೆ, ನೀವು ಕುಡಿತ ಬಿಟ್ಟಿರಂತೆ, ನಿಜವೇ ಎಂದು ವಿಚಾರಿಸಿದರು. ನೀನೇ ಹುಡುಗನಿಗೆ ಹೇಳಿದ್ದೆಯಂತೆ, ಒಳ್ಳೆಯದೇ ಮಾಡಿದೆ. ನಿಮ್ಮಪ್ಪ ಎದೆ ಸೆಟೆಸಿ, "ಐ ಆಮ್ ಬಸ್ ಡ್ರೈವರ್, ಮೇಡಂ. ಐ ಸ್ಟಾಪ್ಡ್ ಟು ಡ್ರಿಂಕ್!" ಎಂದರು.  ಆ ಕಡೆ ಫೋನು ಇಟ್ಟ ಸದ್ದು.

ತಮ್ಮ ಇಂಗ್ಲಿಷಿಗೆ ಆಕೆ ಬೆರಗಾದರು ಎಂದು ಹಿಗ್ಗಿದ ನಿಮ್ಮಪ್ಪ, ಪಕ್ಕದ ಮನೆಯ ಟ್ಯೂಷನ್ ಮೇಷ್ಟ್ರ ಮುಂದೆಯೂ ಅದೇ ವಾಕ್ಯ ಬಾರಿಸಿದರು. ಮೇಷ್ಟ್ರು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. "ಅಯ್ಯೋ ಪುಣ್ಯಾತ್ಮ, ಏನಂದ್ಬಿಟ್ರಿ! ಕುಡಿಯೋಕೆ ಅಂತ ನಿಂತೆ ಅಂದಂಗಾಯ್ತು. ಬಿಟ್ಟೆ ಅನ್ನೋಕೆ ಸ್ಟಾಪ್ಡ್ ಡ್ರಿಂಕಿಂಗ್ ಅನ್ಬೇಕು. ಸ್ಟಾಪ್ ಆದ್ಮೇಲೆ 'ಟು' ಬಂದ್ರೆ ಒಂದರ್ಥ, 'ಇಂಗ್' ಬಂದ್ರೆ ಇನ್ನೊಂದು!"

ನಿಮ್ಮಪ್ಪ ಹಣೆ ಚಚ್ಚಿಕೊಂಡರು. "ತುಂಬಿದ ಬಸ್ಸನ್ನ ರಸ್ತೆ ಮಧ್ಯೆ ನಿಲ್ಲಿಸಿ ಕುಡಿಯೋಕೆ ಇಳಿಯೋನು ಅಂದ್ಕೊಂಡ್ರಲ್ಲಪ್ಪ ಆಕೆ!" ಮತ್ತೆ ಫೋನು ಮಾಡೋಣವೆಂದರೆ ಧೈರ್ಯವಿಲ್ಲ. ಇನ್ನೊಂದು ತಪ್ಪು ಬಾಯಿಂದ ಬಿದ್ದರೆ ನಿನ್ನ ಮದುವೆಯೇ ಮುರಿದೀತು ಎಂಬ ಭಯ.

ಅವತ್ತಿನಿಂದ ಅಡುಗೆಮನೆ ಬಾಗಿಲಿನ ಮೇಲೆಲ್ಲ ಸೀಮೆಸುಣ್ಣ. ಎಡಕ್ಕೆ 'ಟು' ಪಂಗಡ: ವಾಂಟ್, ಹೋಪ್, ಡಿಸೈಡ್. ಬಲಕ್ಕೆ 'ಇಂಗ್' ಪಂಗಡ: ಎಂಜಾಯ್, ಫಿನಿಶ್, ಅವಾಯ್ಡ್. ಎರಡೂ ಕಡೆ ಸಲ್ಲುವ ಲೈಕ್, ಸ್ಟಾರ್ಟ್ ಮುಂತಾದವಕ್ಕೆ ಗೋಸುಂಬೆಗಳು ಎಂದು ಹೆಸರಿಟ್ಟಿದ್ದಾರೆ. ಕಾರಣ ಕೇಳಿದರೆ ಮೇಷ್ಟ್ರು, "ಅದು ಹಾಗೇ ಸ್ವಾಮಿ" ಎನ್ನುತ್ತಾರೆ. "ಹಾಗೇ ಅಂದ್ರೆ? ಯಾವ ಕಡೆ ಹೋಗುತ್ತೆ ಅಂತ ಒಂದು ಬೋರ್ಡಾದ್ರೂ ಬೇಡ್ವಾ?" ಎಂದು ಇವರ ಜಗಳ. 'ಮರೆಯುವುದು' ಪಾಠವಾದ ದಿನವಂತೂ ನನ್ನ ಗ್ರಹಚಾರ. ತುತ್ತು ಬಾಯಿಗಿಟ್ಟವರೇ ಕಣ್ಣು ಕಿರಿದು ಮಾಡಿ, "ಉಪ್ಪು ಹಾಕೋಕೆ ಮರೆತ್ಯಾ, ಇಲ್ಲಾ ಹಾಕಿದ್ದನ್ನ ಮರೆತ್ಯಾ? ಎರಡೂ ಬೇರೆ ಬೇರೆ ಕಣೇ" ಎಂದರು. ಹಾಕಿದ್ದನ್ನು ಮರೆತು ಇನ್ನೊಂದು ಸಲ ಸುರಿದಿದ್ದೆ, ನಿಜ. ಆದರೂ ತಟ್ಟೆಯನ್ನು ಅವರ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದೆ.

ಮೊನ್ನೆ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ನಿನ್ನ ಹುಡುಗನ ತಾಯಿ! ಒಬ್ಬರೇ, ಕೈಯಲ್ಲೊಂದು ಚೀಲ. ಹಲ್ಲುಜ್ಜುತ್ತಿದ್ದ ನಿಮ್ಮಪ್ಪ ಬ್ರಷ್ ಹಿಡಿದುಕೊಂಡೇ ಓಡಿಬಂದು, ಬನ್ನಿ ಕೂತ್ಕೊಳ್ಳಿ ಎನ್ನುವುದೂ ಇಲ್ಲ, ನೊರೆ ಬಾಯಲ್ಲೇ "ಮೇಡಂ! ಐ ಸ್ಟಾಪ್ಡ್ ಡ್ರಿಂಕಿಂಗ್! ಇಂಗ್! ಇಂಗ್!" ಎಂದು ಕೂಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಹೊಸ್ತಿಲಲ್ಲೇ ನಿಂತು ಇವರನ್ನು ನೋಡಿದರು. ಮೊದಲು ನಕ್ಕರು. ನಗುನಗುತ್ತಲೇ ಅತ್ತುಬಿಟ್ಟರು. ಕೈಹಿಡಿದು ಒಳಗೆ ಕೂರಿಸಿದೆ. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಸಂಜೆಯವರೆಗೆ ಮಾತಾಡಿದೆವು. 'ಟು' ಎಲ್ಲಿ ಬಂತು, 'ಇಂಗ್' ಎಲ್ಲಿ ಹೋಯಿತು, ಯಾರೂ ತಿರುಗಿ ನೋಡಲಿಲ್ಲ. ಮದುವೆಗೆ ಅವರ ಮನಸ್ಸು ಪೂರ್ತಿ ಇದೆ. ಇನ್ನು ನಿನ್ನ ಮಾತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳತಿಗೆ ನಾನು ಕೇಳಿದೆನೆಂದು ಹೇಳು. ನೀನು ಹೋದ ಕಡೆಯೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ಕಂದಾ.

ನಿನ್ನ
ಅಮ್ಮ

ತಾ.ಕ.: ಬಸ್ಸು ಡಿಪೋಗೆ ಬರುವ ಹೊತ್ತಾಯಿತು, ಬೇಗ ಬರೆದು ಮುಗಿಸುತ್ತೇನೆ. ಆಕೆ ಅತ್ತದ್ದು ಯಾಕೆಂದರೆ, ಹುಡುಗನ ಅಪ್ಪ ಕುಡಿಯುತ್ತಾರೆ. ಬಹಳ. ಅವತ್ತು ಫೋನಿನಲ್ಲಿ ಆಕೆ ನಮ್ಮನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಹೇಗೆ ಬಿಟ್ಟಿರಿ ಎಂದು ಕೇಳುವವರಿದ್ದರು. ಇವರ ಉತ್ತರ ಕೇಳಿ, ಅಲ್ಲೂ ಇದೇ ಗತಿಯೇ ಎಂದು ಎದೆಯೊಡೆದು ಫೋನು ಇಟ್ಟರಂತೆ. ಆದರೂ ಮದುವೆಗೆ ಮುಂಚೆ ನಿನಗೆ ನಿಜ ತಿಳಿಯಲೇಬೇಕೆಂದು ತಾವೇ ಬಂದರು. ಹುಡುಗ ನಾಚಿಕೆಯಿಂದ ನಿನ್ನ ಹತ್ತಿರ ಬಾಯಿಬಿಟ್ಟಿಲ್ಲ. ಅವನನ್ನೇ ಕೇಳು, ಆದರೆ ಗದರಬೇಡ. ನಾಳೆ ನಿಮ್ಮಪ್ಪ ರಜೆ ಹಾಕಿ ಅವರ ಮನೆಗೆ ಹೊರಟಿದ್ದಾರೆ. ಹೋಗಿ ಏನು ಹೇಳ್ತೀರಿ ಎಂದೆ. "ಏನೂ ಹೇಳಲ್ಲ ಕಣೇ. ಕುಡಿತ ಬಿಡೋರಿಗೆ ಸಂಜೆ ಹೊತ್ತು ತುಂಬ ಕಷ್ಟ ಆಗುತ್ತೆ. ಆಗ ಅವರ ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ" ಎಂದರು.