ಬರೆಗೆ ಅಡ್ಡವಿಟ್ಟ ಕೈ

ದೊಡ್ಡಮ್ಮಾ,

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಮರಿಯಪ್ಪನ ಹೆಂಡತಿ ಸಣ್ಣಮ್ಮ ಕೂತಿದ್ದಳು. ಕಿರುಗಾವಲಿನಿಂದ ಮಳವಳ್ಳಿಯವರೆಗೆ ಬರಿಗಾಲಲ್ಲಿ ನಡೆದು ಬಂದವಳ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದುಕೊಂಡಿತ್ತು; ಅದು ಅವಳಿಗೆ ಗೊತ್ತೇ ಇರಲಿಲ್ಲ. ಮಡಿಲಲ್ಲಿ ಐದು ತಿಂಗಳ ಹೆಣ್ಣುಕೂಸು, ಮೈಯೆಲ್ಲ ಸುಡುತ್ತಿತ್ತು. "ಅತ್ತೆ ಬರೆ ಆಕಕ್ಕೆ ದಬ್ಬಳ ಕಾಯಿಸ್ತಾವ್ಳೆ ಕಣಕ್ಕ. ಎತ್ಕಂಡು ಓಡ್ಬಂದೆ," ಎಂದಳು.

ಬಿ.ಎ. ಮುಗಿಸಿ ಬಂದ ನನ್ನನ್ನು ನೀನು ಮೊದಲ ಸಲ ಅವರ ಬೀದಿಗೆ ಕರೆದೊಯ್ದದ್ದು ನೆನಪಿದೆಯೇ? ವಾರಕ್ಕೊಮ್ಮೆ ನೀನು ಅಲ್ಲಿ ಎಳೆಮಕ್ಕಳ ತಾಯಂದಿರನ್ನು ಕೂರಿಸಿಕೊಂಡು, ಜ್ವರಕ್ಕೇನು, ಭೇದಿಗೇನು ಎಂದು ಹೇಳಿಕೊಡುತ್ತಿದ್ದೆ. ಅಂದು ನನ್ನ ಕೈಗೆ ಕಾಗದ ಕೊಟ್ಟು ಓದೆಂದೆ. ನಾನು ತಲೆ ಎತ್ತದೆ "ಶಿಶುವಿನ ಶರೀರೋಷ್ಣವು..." ಎಂದು ಶುರುಮಾಡಿದೆ. ಸಣ್ಣಮ್ಮನ ಅತ್ತೆ ನಿಂಗಮ್ಮ, "ಅರಿಕತೆ ಚೆನ್ನಾಗದೆ, ತಾಳ ಎಲ್ಲವ್ವಾ?" ಎಂದಳು. ನೀನೂ ನಕ್ಕುಬಿಟ್ಟೆ.

ಸಣ್ಣಮ್ಮನ ಚೊಚ್ಚಲ ಮಗನಿಗೆ ಸೆಳವು ಬಂದ ದಿನ ಅದೇ ನಿಂಗಮ್ಮ ಗೋಣಿ ಹೊಲಿಯುವ ದಬ್ಬಳವನ್ನು ಕೆಂಪಗೆ ಕಾಯಿಸಿದ್ದಳು. ಬರೆ ಹಾಕಿದರೆ ಸೆಳವು ಬಿಡುತ್ತದೆಂಬ ನಂಬಿಕೆ. ನೀನು ಕೂಸಿನ ಹೊಟ್ಟೆಗೆ ಕೈ ಅಡ್ಡವಿಟ್ಟೆ. ಚುಯ್ ಎಂದಿತು. ಸುಟ್ಟ ಚರ್ಮದ ಆ ವಾಸನೆ... "ತೆಗಿ ಕೈಯ! ನನ್ ಮೊಮ್ಮಗನ್ನ ನಾನೇ ಸಾಯಿಸ್ತೀನೇನೆ?" ಎಂದು ಅವಳು ಮತ್ತೊಮ್ಮೆ ಇಟ್ಟಳು. ನೀನು ಕೈ ತೆಗೆಯಲಿಲ್ಲ. ಸಂಜೆಗೆ ಕೂಸು ಹೋಯಿತು.

ಗದ್ದೆಯಿಂದ ಬಂದ ನಿಂಗಮ್ಮನ ಮಗ ಮರಿಯಪ್ಪ ಸತ್ತ ಕೂಸನ್ನು ನೋಡಿದ, ಬರೆಯಿಲ್ಲದ ಹೊಟ್ಟೆಯನ್ನು ನೋಡಿದ. ಒನಕೆ ಎತ್ತಿಕೊಂಡ. "ಬರೆ ಆಕಿದ್ರೆ ಬದುಕ್ತಿತ್ತು ಕಣೇ, ಮುಂಡೆ!" ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ನೀನು ಬಿದ್ದ ಮೇಲೂ, ಉಸಿರು ನಿಲ್ಲುವವರೆಗೂ ಹೊಡೆದ. ನಾನು ಎರಡು ಮಾರು ದೂರದಲ್ಲಿದ್ದೆ. ಕೂಗಲೂ ಇಲ್ಲ. ಪೊಲೀಸರ ಮುಂದೆ ಬೀದಿಗೆ ಬೀದಿಯೇ "ಜಾರಿ ಬಿದ್ರು" ಎಂದಾಗಲೂ... ನಾನು ಯಾಕೆ ಸುಮ್ಮನಿದ್ದೆ, ದೊಡ್ಡಮ್ಮ?

ಇಂದು ಕೂಸನ್ನು ಆಸ್ಪತ್ರೆಗೆ ಒಯ್ದೆವು. ಯುದ್ಧ ಮುಗಿದರೂ ಔಷಧಿ ಬರುತ್ತಿಲ್ಲವೆಂದು ಗೊಣಗುತ್ತಲೇ ಡಾಕ್ಟರು ಒಂದು ಸೀಸೆ ಕೊಟ್ಟರು. ಒಂದು ವಾರ ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕಂತೆ. ನಮ್ಮಲ್ಲೇ ಇರು ಎಂದೆ. "ಅವ್ರು ಬಂದು ಜುಟ್ಟಿಡ್ದು ಎಳ್ಕೊಂಡೋಯ್ತರೆ ಕಣಕ್ಕ. ಓದೇಟ್ಗೇ ಬರೆ ಆಕುಸ್ತರೆ," ಎಂದಳು.

ನಿನಗೆ ಗೊತ್ತಾಗದೆ ಉಳಿದ ಒಂದು ಸಂಗತಿಯನ್ನೂ ಹೇಳಿದಳು. ಆ ಬೀದಿಯ ಮೂವರು ಸೊಸೆಯರು ತೌರಿಂದ ಬರುವಾಗ ಕೂಸಿನ ಹೊಟ್ಟೆಗೆ ಕಾಡಿಗೆಯ ಗೆರೆ ಎಳೆದು, ಮೇಲೆ ಬಟ್ಟೆ ಸುತ್ತಿ, "ಅಲ್ಲೇ ಬರೆ ಆಕ್ಸಿವ್ನಿ" ಎನ್ನುತ್ತಾರಂತೆ. ನಿನ್ನ ಕೈ ಸುಟ್ಟದ್ದನ್ನು ಕಂಡವರು. ಆದರೆ ಸಣ್ಣಮ್ಮನ ಕೂಸಿಗೆ ನೀರೆರೆಯುವವಳು ನಿಂಗಮ್ಮನೇ. ಅವಳ ಮುಂದೆ ಕಾಡಿಗೆ ನಡೆಯದು.

ಸಂಜೆಯ ಬಸ್ಸಿಗೆ ನಾನೂ ಸಣ್ಣಮ್ಮನ ಜೊತೆ ಹೋಗುತ್ತೇನೆ. ಜ್ವರ ಇಳಿಯುವವರೆಗೂ ಮರಿಯಪ್ಪನ ಮನೆಯಲ್ಲಿ, ಆ ಕೂಸಿನ ಮಗ್ಗುಲಲ್ಲೇ ಮಲಗುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.