ಅಕ್ಕನಿಗೆ ಬರುವ ಬಿಲ್

23 ನವೆಂಬರ್, ಭಾನುವಾರ. ಜಗಳೂರು.

ಜರ್ಮನಿಯಲ್ಲಿ ಓದುತ್ತಿರುವ ಅಕ್ಕನ ವಿಡಿಯೋ ಕಾಲನ್ನು ಅವ್ವ ಇವತ್ತೂ ಎರಡು ಮಾತಿಗೇ ಮುಗಿಸಿದಳು. "ಇಡವ್ವ, ನಿನಗೆ ಬಿಲ್ ಬರ್ತೈತೆ." ಪುಕ್ಕಟೆ ಅಂದರೂ ನಂಬುವುದಿಲ್ಲ. "ಅಲ್ಲಿ ಕುಡಿಯೋ ನೀರಿಗೂ ದುಡ್ಡಂತೆ, ಮಾತು ಹೆಂಗೆ ಪುಕ್ಕಟೆ ಆಗ್ತೈತೆ?"

ಸಿಟ್ಟು ಬಂದು, ಹಿತ್ತಲಿಗೆ ಹೋಗಿ ನಾನೇ ಮತ್ತೆ ಕಾಲ್ ಮಾಡಿದೆ. ಆಗಷ್ಟೇ ತೆಳು ಚೂಡಿದಾರದಲ್ಲಿ ನಗುತ್ತಿದ್ದವಳು ಈಗ ಕೋಣೆಯೊಳಗೇ ಜಾಕೆಟ್, ಟೋಪಿ ಹಾಕಿಕೊಂಡು ಮುದುರಿ ಕೂತಿದ್ದಳು.

"ತಿಂಗಳ ದುಡ್ಡು ಸಾಲಲ್ಲ ಕಣೇ. ಅವ್ವನ ಮುಂದೆ ಅಷ್ಟೇ ಹೀಟರ್ ಹಾಕ್ತೀನಿ. ಹೇಳಬ್ಯಾಡ."

ಮಲಗುವ ಮುಂಚೆ ಅವ್ವ ಪಕ್ಕದಲ್ಲಿ ಬಂದು ಕೂತಳು. "ನಿಜವಾಗ್ಲೂ ಪುಕ್ಕಟೆನಾ? ಹಂಗಾದ್ರೆ ಮುಂದಿನ ವಾರ ಅವಳ ಮುಖ ಇನ್ನೊಂದಿಷ್ಟು ಹೊತ್ತು ನೋಡ್ತೀನಿ."

"ಇಲ್ಲವ್ವ, ಅಕ್ಕಗೆ ಬಿಲ್ ಬರ್ತೈತೆ," ಅಂದುಬಿಟ್ಟೆ.

ಅವ್ವ ಎದ್ದು ಹೋದಳು. ಇನ್ನು ಇದನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ?