ಎರಡನೇ ತಾರೀಖಿನ ಸಮುದ್ರಸ್ನಾನ

ಮೊಂತಾನ್ ಬ್ಲಾಂಶ್, ಮಾರಿಷಸ್
11 ಫೆಬ್ರವರಿ 1996

ಯೊವ್ನಾಳ ಅಪ್ಪನಿಗೆ,

ನಿಮ್ಮ ಪ್ರೇಮಿಲಾಳ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಕೆಮ್ಮು ಈಗ ಪೂರ್ತಿ ಹೋಗಿದೆ. ನಿಮ್ಮ ಮಗಳು ಎರಡನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತಿಗೇನೂ ಕಡಿಮೆಯಿಲ್ಲ. ನಿಮ್ಮ ಹಡಗು ಡರ್ಬನ್ ಮುಟ್ಟುವ ಹೊತ್ತಿಗೆ ಈ ಪತ್ರ ಕೈ ಸೇರಲಿ ಎಂದು ಬೇಡಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡಿ. ಫ್ಯಾಕ್ಟರಿಯಲ್ಲಿ ಸ್ವೆಟರಿನ ಕೆಲಸ ಜಾಸ್ತಿ, ಕೈ ಬಿಡುವಿರಲಿಲ್ಲ ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ. ಬರೆಯಲು ಕೂತರೆ ಜನವರಿ ಎರಡನೇ ತಾರೀಖಿನ ಪಿಕ್ನಿಕ್ ಬಗ್ಗೆ ಬರೆಯಬೇಕಾಗುತ್ತದೆ, ಅದಕ್ಕೇ ಕೂರಲಿಲ್ಲ. ಹೊಸ ವರ್ಷದ ಕಾರ್ಡಿನಲ್ಲಿ ‘ಪಿಕ್ನಿಕ್ ಚೆನ್ನಾಗಾಯಿತು’ ಎಂದು ಒಂದು ಸಾಲು ಗೀಚಿ ಕಳಿಸಿದ್ದೆನಲ್ಲ, ಆ ಸಾಲು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನೀವು ಬೇರೆ ಎರಡೂ ಪತ್ರಗಳಲ್ಲಿ, ಯೊವ್ನಾ ಈ ಸಲ ಎಷ್ಟು ಉಪ್ಪುನೀರು ಕುಡಿದಳು ಎಂದು ತಮಾಷೆಯಾಗಿ ಕೇಳಿದ್ದೀರಿ. ಅದನ್ನು ಓದಿ ಪತ್ರ ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ.

ಪ್ರತಿವರ್ಷ ನಾವು ಬೆಲ್ ಮಾರ್‌ಗೇ ಹೋಗುವುದಲ್ಲವೇ. ಬಸ್ಸಿನಲ್ಲಿ ಕೂತು ಒಂದು ಹಾಡು ಮುಗಿಯುವಷ್ಟರಲ್ಲಿ ಸಮುದ್ರ. ಈ ವರ್ಷ ಅದನ್ನು ಬದಲಿಸಿದವಳು ನಾನು. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷನ್ನಿನ ಜೋಸಿಯಾನ್, ಅವಳ ಮನೆಯವರೆಲ್ಲ ಫ್ಲಿಕ್ ಆನ್ ಫ್ಲಾಕ್‌ಗೆ ಹೋಗುತ್ತಾರಂತೆ. ಅಲ್ಲಿ ನೀರು ಕನ್ನಡಿಯಂತೆ, ಅಲೆಯೇ ಇಲ್ಲ, ನಿಮ್ಮ ಕಡೆಯ ಸಮುದ್ರ ಏನು ಸಮುದ್ರ ಎಂದು ತಿಂಗಳುಗಟ್ಟಲೆ ಕೊರೆದಿದ್ದಳು. ನನಗೂ ಒಂದು ಸಲ ರಜೆ ಮುಗಿಸಿ ಹೋಗಿ, ನಾವೂ ಅಲ್ಲಿಗೇ ಹೋಗಿದ್ದೆವು ಎಂದು ಹೇಳಬೇಕಿತ್ತು. ಇಷ್ಟೇ ಕಾರಣ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ಹರಿದೇವ್ ಭಾವ, ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬಿರಿಯಾನಿ ಹಳಸುತ್ತದೆ ಎಂದರು. ಕೌಸಿಲ್ಲಾ ಅಕ್ಕ ಯಾವಾಗಿನಂತೆ ಗಂಡನ ಮಾತಿಗೆ ತಲೆಯಾಡಿಸಿದರು. ಅತ್ತೆ ಮಾತ್ರ ಬೇಳೆ ಆರಿಸುತ್ತಾ ತಲೆ ಎತ್ತದೆ ಕೇಳಿದರು.

“ನಮ್ಮ ಸಮುದ್ರ ಇಲ್ಲೇ ಪಕ್ಕದಲ್ಲಿದೆ. ಇನ್ನೊಬ್ಬರ ಸಮುದ್ರಕ್ಕೆ ಯಾಕಮ್ಮ ಹೋಗ್ಬೇಕು?”

“ಸಮುದ್ರ ಎಲ್ಲಾ ಕಡೆ ಒಂದೇ ಅಲ್ವಾ ಅತ್ತೆ” ಎಂದು ನಾನು ನಕ್ಕೆ. ಅವರೂ ನಕ್ಕು ಬಿಟ್ಟರು. ಆ ನಗು ಈಗ ನನ್ನನ್ನು ತಿನ್ನುತ್ತಿದೆ.

ಬಸ್ಸು ಹೊರಟಾಗ ಎಲ್ಲ ಎಂದಿನಂತೆ. ಹಿಂದಿನ ಸೀಟಿನಲ್ಲಿ ಢೋಲಕ್, ನಡುವಿನ ಓಣಿಯಲ್ಲಿ ಹೆಂಗಸರ ಕುಣಿತ, ಡ್ರೈವರ್ ಪಕ್ಕ ಕೂತು ಭಾವ ದಾರಿ ತೋರಿಸುವುದು, ಅವರು ತೋರಿಸಿದ ಕಡೆ ಡ್ರೈವರ್ ಹೋಗದಿರುವುದು. ಬಿರಿಯಾನಿ ಹಂಡೆಯನ್ನು ಹಳೇ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ನನ್ನ ಕಾಲ ಬಳಿಯೇ ಇಟ್ಟುಕೊಂಡಿದ್ದೆ. ಆ ದಿನ ಮಂಗಳವಾರ ಬಿದ್ದಿತ್ತು, ಅತ್ತೆಗಾಗಿ ಕೋಳಿ ಬಿಟ್ಟು ಬಟಾಣಿ ಆಲೂಗಡ್ಡೆ ಬಿರಿಯಾನಿ ಮಾಡಿದ್ದೆ. ಹೊಸ ವರ್ಷಕ್ಕೆ ಪ್ರೇಮಿಲಾ ನಮಗೆಲ್ಲ ಮೇವು ಹಾಕುತ್ತಿದ್ದಾಳೆ ಎಂದು ಭಾವ ದಾರಿಯುದ್ದಕ್ಕೂ ಗೋಳಾಡಿ, ಅಲ್ಲಿ ಹೋದ ಮೇಲೆ ಮೂರು ಸಲ ಹಾಕಿಸಿಕೊಂಡರು.

ಜಾಗ ಚೆನ್ನಾಗಿಯೇ ಇತ್ತು. ಗಾಳಿಮರಗಳ ಕೆಳಗೆ ತಾಡಪಾಲು ಕಟ್ಟಿ, ನಾವು ಹೆಂಗಸರೆಲ್ಲ ಉಟ್ಟ ಬಟ್ಟೆಯಲ್ಲೇ ಕೈಕೈ ಹಿಡಿದು ಸೊಂಟದ ನೀರಿನವರೆಗೆ ಹೋಗಿ, ಹಳೇ ವರ್ಷವನ್ನು ತೊಳೆದುಕೊಂಡು ಬಂದೆವು. ನಾನು ಬಟ್ಟೆ ಬದಲಿಸಿ ನೀವು ಸಿಂಗಾಪುರದಿಂದ ತಂದಿದ್ದ ಹಸಿರು ಲಂಗ ಹಾಕಿಕೊಂಡೆ. ಜೋಸಿಯಾನ್ ಕಣ್ಣಿಗೆ ಬಿದ್ದರೂ ಬೀಳಬಹುದೆಂಬ ಆಸೆ.

ಗಾಳಿ ನಮ್ಮ ಬೆನ್ನಿಗೆ ಬೀಸುತ್ತಿತ್ತು. ಊಟ ಬಡಿಸುವಾಗ ಕಾಗದದ ತಟ್ಟೆಗಳು ಎದ್ದು ಸಮುದ್ರದ ಕಡೆಗೆ ಓಡುತ್ತಿದ್ದವು. ನಾನೇ ನಗುತ್ತಾ ಅವುಗಳ ಹಿಂದೆ ಓಡಿದೆ. ಎರಡು ತಟ್ಟೆ ನೀರಿನ ಮೇಲೆ ತೇಲುತ್ತಾ ಹೋಗಿಯೇ ಹೋದವು. ಮಗುವೂ ಅದೇ ದಾರಿಯಲ್ಲಿ ಹೋಗಬಹುದು ಎಂದು ಈ ತಲೆಗೆ ಹೊಳೆಯಲಿಲ್ಲ.

ಭಾವನ ಕಬ್ಬಿನ ಲಾರಿಯ ಟ್ಯೂಬು ನಿಮಗೆ ಗೊತ್ತಲ್ಲ, ನೀವೂ ಚಿಕ್ಕವರಿದ್ದಾಗ ಅಂಥದ್ದರಲ್ಲೇ ಆಡಿದವರು. ಬೆಲ್ ಮಾರ್‌ನಲ್ಲಿ ಅದಕ್ಕೆ ಯಾರೂ ಹಗ್ಗ ಕಟ್ಟುವುದಿಲ್ಲ. ಮಗುವನ್ನು ಕೂರಿಸಿ ಬಿಟ್ಟರಾಯಿತು, ಗಾಳಿಯೇ ತಂದು ದಡಕ್ಕೆ ಹಾಕುತ್ತದೆ. ನಮ್ಮ ಕಡೆಯ ಗಾಳಿ ದಡಕ್ಕೆ ಬರುವ ಗಾಳಿ. ಹುಟ್ಟಿದಾಗಿನಿಂದ ಅದೊಂದನ್ನೇ ಕಂಡವರು ನಾವು. ಊಟ ಮುಗಿದು ಗಂಡಸರು ಇಸ್ಪೀಟಿಗೆ ಕೂತರು, ಉಳಿದವರು ಅಲ್ಲಲ್ಲೇ ಉರುಳಿಕೊಂಡರು. ಯೊವ್ನಾ ಟ್ಯೂಬಿನಲ್ಲಿ ಕೂತಳು. ಯಾರೂ ಹಗ್ಗ ಕಟ್ಟಲಿಲ್ಲ.

ನೋಡುವಷ್ಟರಲ್ಲಿ ಟ್ಯೂಬು ದೂರ ಹೋಗಿಬಿಟ್ಟಿತ್ತು. ಅತ್ತೆ ನೀರಿಗೆ ಇಳಿದರು. ನಮ್ಮ ಮನೆಯಲ್ಲಿ ಈಜು ಬರುವುದು ನಿಮಗೊಬ್ಬರಿಗೇ, ಅದೂ ಹಡಗಿನವರು ಕಲಿಸಿದ್ದು. ಅತ್ತೆಗೆ ಈಜು ಬರುವುದಿಲ್ಲ, ಅವರು ನಡೆದರು. ಬಿಳಿ ಸೀರೆ ಸುತ್ತ ಉಬ್ಬಿ ತೇಲುತ್ತಿತ್ತು. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು, ಕೊನೆಗೆ ತಲೆ ಮೇಲೆತ್ತಿಕೊಂಡು ಬಾಯಿ ಮಾತ್ರ ಹೊರಗಿತ್ತು. ಹಾಗೆಯೇ ಹೋಗಿ ಟ್ಯೂಬು ಹಿಡಿದರು. ಹಿಂದಕ್ಕೆ ಎಳೆಯಲು ಆಗಲಿಲ್ಲ, ಗಾಳಿ ಇಬ್ಬರನ್ನೂ ಒಯ್ಯತೊಡಗಿತು. ಭಾವ ಮತ್ತು ಹುಡುಗರು ದಡದಲ್ಲಿ ಕಿರುಚಾಡಿದ್ದು ಕೇಳಿ ಬಲೆ ಎತ್ತುತ್ತಿದ್ದ ಒಬ್ಬ ಮೀನುಗಾರ ದೋಣಿ ತಿರುಗಿಸಿದ. ಅವನು ಇಬ್ಬರನ್ನೂ ಎತ್ತಿ ಹಾಕಿಕೊಂಡು ಬರುವವರೆಗೆ ನನಗೆ ಏನೂ ನೆನಪಿಲ್ಲ.

ಇಳಿಸುವಾಗ ಅವನು ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. “ಈ ಕಡೆ ಗಾಳಿ ಹೊರಕ್ಕೆ ತಳ್ಳುತ್ತೆ ಅನ್ನೋದೂ ಗೊತ್ತಿಲ್ವೇನ್ರಿ? ಇದೇ ದ್ವೀಪದವರು ತಾನೇ ನೀವು?” ಎಂದ. ಅವನಿಗೆ ಒಂದು ತಟ್ಟೆ ಬಿರಿಯಾನಿ ಕೊಡಲು ಹೋದೆ, ಬೇಡ ಎಂದ.

ಆಮೇಲೆ ಎಲ್ಲರೂ ಕೇಳುವುದನ್ನೇ ಭಾವ ಕೇಳಿದರು, ಮಗುವನ್ನು ಬಿಟ್ಟು ಪ್ರೇಮಿಲಾ ಎಲ್ಲಿ ಹೋಗಿದ್ದಳು ಎಂದು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ, ಹಲ್ಲು ಕಟಕಟ ಅನ್ನುತ್ತಿದ್ದರೂ, ಉತ್ತರ ಕೊಟ್ಟರು.

“ಅವಳನ್ನೇನೂ ಅನ್ಬೇಡ. ಹಂಡೆಗೆ ನಾಯಿ ಬಾಯಿ ಹಾಕ್ತವೆ, ಅಲ್ಲಿಂದ ಏಳ್ಬೇಡ ಅಂತ ನಾನೇ ಕೂರಿಸಿದ್ದೆ. ನೀರಿನ ಹತ್ರ ನಾನಿದ್ನಲ್ಲ.”

ಬಸ್ಸಿನಲ್ಲೂ ಅದನ್ನೇ ಹೇಳಿದರು, ಮನೆಗೆ ಬಂದ ಮೇಲೆ ನೆರೆಯವರಿಗೂ ಹೇಳಿದರು. ಈಗ ಊರಿಗೆಲ್ಲ ಅದೇ ಗೊತ್ತು. ನನ್ನನ್ನು ಯಾರೂ ಒಂದು ಮಾತು ಅಂದಿಲ್ಲ. ಬಸ್ಸಿನಲ್ಲಿ ಕೌಸಿಲ್ಲಾ ಅಕ್ಕ ಮಾತ್ರ ನನ್ನ ಹಸಿರು ಲಂಗದ ಒದ್ದೆ ಅಂಚನ್ನು ಒಂದು ಸಲ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ವಾಪಸ್ಸು ಬರುವಾಗ ಢೋಲಕ್ ಯಾರ ಕೈಯಲ್ಲೂ ಇರಲಿಲ್ಲ.

ಇಂಥ ಜಾಗಕ್ಕೆ ಎಲ್ಲರನ್ನೂ ಎಳೆದುಕೊಂಡು ಹೋದವಳು ನಾನು. ಜೋಸಿಯಾನ್ ಎದುರು ಒಂದು ಮಾತು ಹೇಳುವ ಚಪಲಕ್ಕೆ. ರಜೆ ಮುಗಿಸಿ ಹೋದಾಗ ಅವಳು, ಎಲ್ಲಿಗೆ ಹೋಗಿದ್ರಿ ಎಂದಳು. ಬೆಲ್ ಮಾರ್‌ಗೆ ಎಂದೆ. ಪಾಪ ಎಂದಳು.

ಬೇರೆ ಸುದ್ದಿ ಬರೆಯುತ್ತೇನೆ. ಶಿವರಾತ್ರಿ ಹತ್ತಿರ ಬಂತು, ಬೀದಿಯ ಹುಡುಗರು ಕಾಂವರ್ ಕಟ್ಟುತ್ತಿದ್ದಾರೆ, ಈ ಸಲ ಬಾಗಿಲಿನಷ್ಟು ಅಗಲ ಮಾಡಿದ್ದಾರೆ, ಗ್ರಾಂ ಬಾಸೆಂ ಕೆರೆಯವರೆಗೆ ಹೆಗಲ ಮೇಲೆ ಹೇಗೆ ಹೊರುತ್ತಾರೋ. ಅತ್ತೆ ತಾವೂ ನಡೆದೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಯೊವ್ನಾಳನ್ನು ಮನೆಯಲ್ಲೇ ಕೂರಿಸಿದರೆ ಮಂಕಾಗುತ್ತಾಳೆ ಎಂದು ಭಾನುವಾರಗಳಲ್ಲಿ ಎಲ್ಲಾದರೂ ಕರೆದುಕೊಂಡು ಹೋಗುತ್ತಿದ್ದೇನೆ. ಒಂದು ವಾರ ನಮ್ಮ ಕಡೆಯ ಫ್ಲಾಕ್ ಸಂತೆಗೆ, ಕಳೆದ ವಾರ ಅತ್ತೆಯ ಜೊತೆ ಪಾಂಪ್ಲಮೂಸ್ ತೋಟಕ್ಕೆ. ಆಮೆಗಳ ಹತ್ತಿರ ಬಹಳ ಹೊತ್ತು ಆಡಿದಳು. ದೊಡ್ಡ ತಾವರೆ ಎಲೆಗಳ ಕೊಳದ ಹತ್ತಿರ ಬಂದಾಗ ನನ್ನ ಕೈ ಬಿಡಿಸಿಕೊಂಡು, ಸುತ್ತು ಹಾಕಿ ಆಚೆ ಕಡೆ ಹೋಗಿ ಅಜ್ಜಿಯ ಕೈ ಹಿಡಿದುಕೊಂಡಳು. ಕೊಳ ದಾಟಿದ ಮೇಲೆ ಮತ್ತೆ ನನ್ನ ಹತ್ತಿರ ಬಂದು ಐಸ್‌ಕ್ಯಾಂಡಿ ಕೇಳಿದಳು. ಕೊಡಿಸಿದೆ. ಅತ್ತೆ ಏನನ್ನೂ ಗಮನಿಸದವರಂತೆ ಎಲೆಗಳನ್ನು ನೋಡುತ್ತಿದ್ದರು. ಅವರ ಈ ಒಳ್ಳೆಯತನದ ಕೆಳಗೆ ನನಗೆ ಉಸಿರಾಡಲು ಆಗುತ್ತಿಲ್ಲ.

ಏಪ್ರಿಲ್‌ನಲ್ಲಿ ನೀವು ಬಂದಾಗ ಮಗಳಿಗೆ ಈಜು ಕಲಿಸಿ. ಬೆಲ್ ಮಾರ್‌ನಲ್ಲೇ ಕಲಿಸಿ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಲು ಬಾಯಿ ಬರುತ್ತಿಲ್ಲ, ಆದರೆ ಕೇಳುತ್ತಿದ್ದೇನೆ.

ಅತ್ತೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ. ಹಡಗಿನ ಅಡುಗೆ ಕೋಣೆಯ ಬಿಸಿಯಲ್ಲೇ ನಿಂತಿರಬೇಡ, ಆಗಾಗ ಮೇಲೆ ಬಂದು ಗಾಳಿ ತೆಗೆದುಕೋ ಎಂದಿದ್ದಾರೆ. ಯೊವ್ನಾ ಬಿದ್ದ ಹಲ್ಲೊಂದನ್ನು ನಿಮಗೆಂದೇ ಎತ್ತಿಟ್ಟಿದ್ದಾಳೆ. ಶಿವ ನಿಮ್ಮನ್ನೂ ನಿಮ್ಮ ಹಡಗಿನವರೆಲ್ಲರನ್ನೂ ನೀರಿನ ಮೇಲೆ ಕಾಪಾಡಲಿ.

ಇಂತು ನಿಮ್ಮ
ಪ್ರೇಮಿಲಾ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿದ್ದೇನೆ. ಮಗಳ ಬಾಯಿಂದ ನಿಮಗೆ ತಿಳಿಯುವ ಮುಂಚೆ ನಾನೇ ಹೇಳಬೇಕು. ನಾನು ಹಂಡೆಯ ಹತ್ತಿರ ಇರಲಿಲ್ಲ. ಅತ್ತೆ ನೀರಿನ ಹತ್ತಿರ ಇರಲಿಲ್ಲ, ಅವರು ಗಾಳಿಮರದ ಕೆಳಗೆ ಮುಖಕ್ಕೆ ಸೆರಗು ಮುಚ್ಚಿ ಮಲಗಿದ್ದರು. ನೀರಿನ ಹತ್ತಿರ ಇದ್ದವಳು ನಾನು. ಟ್ಯೂಬು ಜಾರತೊಡಗಿದ್ದನ್ನು ಮೊದಲು ನೋಡಿದವಳೂ ನಾನೇ, ಆಗ ಅದು ಅಷ್ಟೇನೂ ದೂರ ಇರಲಿಲ್ಲ. ಯೊವ್ನಾ “ಅಮ್ಮಾ” ಎಂದು ಕರೆದಳು. ಮಂಡಿಯವರೆಗೆ ಇಳಿದೆ, ಆಮೇಲೆ ಕಾಲು ಏಳಲಿಲ್ಲ. ಕೂಗಿ ಯಾರನ್ನಾದರೂ ಕರೆಯೋಣವೆಂದರೆ ದನಿಯೂ ಬರಲಿಲ್ಲ. ಇನ್ನೊಂದು ಸಲ “ಅಮ್ಮಾ” ಎಂದಳು. ಅವಳ ಮುಖ ನನಗೆ ಕಾಣುತ್ತಿತ್ತು, ನನ್ನದೂ ಅವಳಿಗೆ ಕಂಡಿರಬೇಕು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಮತ್ತೆ ನನ್ನನ್ನು ಕರೆಯಲಿಲ್ಲ. ಕತ್ತು ಹೊರಳಿಸಿ, ಮರಗಳ ಕಡೆ ನೋಡಿ, “ಅಜ್ಜೀ” ಎಂದು ಕೂಗಿದಳು. ಅತ್ತೆ ಎದ್ದದ್ದು ಆ ಕೂಗಿಗೆ.